ರತ್ನಕ್ಕನ ಶ್ರುತಿ

ಮೊನ್ನೆ ರಜೆಯ ದಿನ ವ್ಯಾನಿಟಿ ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿದೆ. ಹಳೇ ಬಸ್ ಟಿಕೆಟ್ಟುಗಳು, ಜೊತೆ ತಪ್ಪಿದ ಒಂದು ಓಲೆ, ಕಾಗದಕ್ಕೆ ಅಂಟಿಕೊಂಡ ಚಾಕ್ಲೆಟ್ಟು, ಇವುಗಳ ಸಂಗಡ ಬೆರಳುದ್ದದ ಒಂದು ಕಡ್ಡಿಯೂ ಬಿತ್ತು. ನಮ್ಮ ಯಜಮಾನರು ಅದನ್ನೆತ್ತಿ ಮೂಸಿ ನೋಡಿ, ಸೌದೆಯನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡುತ್ತೀಯಾ ಎಂದು ಕೇಳಿದರು. ಸೌದೆಯಲ್ಲ, ಜೇಷ್ಠಮಧು. ಹಾಡುವವರು ಗಂಟಲು ಕೆಟ್ಟಾಗ ದವಡೆಗೆ ಒತ್ತರಿಸಿಕೊಂಡು ರಸ ನುಂಗುವ ಬೇರು. ಅದರ ಒಂದು ತುದಿಯಲ್ಲಿ ನನ್ನ ಹಲ್ಲಿನ ಗುರುತು ಇನ್ನೂ ಇತ್ತು. ಅದನ್ನು ಕಂಡದ್ದೇ ಈ ವರ್ಷ ನಾವು ಪಟ್ಟ ಪಾಡೆಲ್ಲ ನೆನಪಾಗಿ, ಬ್ಯಾಗು ಜೋಡಿಸುವುದನ್ನು ಅಲ್ಲಿಗೇ ಬಿಟ್ಟು ಕೂತುಬಿಟ್ಟೆ.

ಹಾಡುವವರು ಎಂದೆ. ನನ್ನ ದನಿ ಕೇಳಿದವರಾದರೆ ನೀವು ಇಷ್ಟು ಹೊತ್ತಿಗೆ ನಕ್ಕಿರುತ್ತೀರಿ. ಗ್ಯಾಸ್ ಸಿಲಿಂಡರಿಗೆ ಫೋನ್ ಮಾಡಿ ವಿಳಾಸ ಹೇಳಿದರೆ ಆ ಕಡೆಯವರು ‘ಆಯ್ತು ಸಾರ್’ ಎನ್ನುತ್ತಾರೆ. ಚಾಮರಾಜನಗರದ ಒಂದು ಕಚೇರಿಯಲ್ಲಿ ನಾನು ಗುಮಾಸ್ತೆ. ಫೋನಿನಲ್ಲಿ ಮಾತಾಡಿ, ಆಮೇಲೆ ಖುದ್ದಾಗಿ ಬಂದವರು ನನ್ನ ಮೇಜಿನ ಮುಂದೆ ನಿಂತು, ಮೊನ್ನೆ ಮಾತಾಡಿದ ಸಾಹೇಬರು ಎಲ್ಲಿ ಎಂದು ನನ್ನನ್ನೇ ಕೇಳುತ್ತಾರೆ. ಮೊದಮೊದಲು ಬೇಜಾರಾಗುತ್ತಿತ್ತು. ಈಗೀಗ, ಸಾಹೇಬರು ಊಟಕ್ಕೆ ಹೋಗಿದ್ದಾರೆ, ನನ್ನ ಹತ್ತಿರವೇ ಹೇಳಿ ಎಂದುಬಿಡುತ್ತೇನೆ.

ಹುಟ್ಟಿದ್ದು ಉಮ್ಮತ್ತೂರಿನಲ್ಲಿ. ಅಲ್ಲಿ ಈ ದನಿಗೆ ಒಳ್ಳೆಯ ಮರ್ಯಾದೆ ಇತ್ತು. ಊಟದ ಹೊತ್ತಿಗೆ ಹೊಲದಲ್ಲಿದ್ದ ಅಪ್ಪನನ್ನು ಕರೆಯಲು ಬೇರೆ ಮನೆಯ ಮಕ್ಕಳ ಹಾಗೆ ನಾನು ಬದುವಿನ ಮೇಲೆ ಓಡಬೇಕಾಗಿರಲಿಲ್ಲ. ಹಿತ್ತಲ ಗೋಡೆ ಹತ್ತಿ ನಿಂತು ಒಂದು ಸಲ ‘ಅಪ್ಪೋ’ ಎಂದರೆ ಅಪ್ಪ ಅಲ್ಲಿಂದಲೇ ಟವೆಲ್ಲು ಕೊಡವುತ್ತಿದ್ದ. ಪಕ್ಕದ ಮನೆಯ ಹೆಂಗಸರು, ಹಂಗೇ ನಮ್ಮನೆಯವ್ರನ್ನೂ ಒಂದ್ಸಲ ಕೂಗ್ಬುಡವ್ವ ಎಂದು ಕೇಳಿಕೊಂಡು, ಕೂಗಿದ್ದಕ್ಕೆ ಒಂದು ಹಿಡಿ ಹುರಿಗಾಳು ಕೊಡುತ್ತಿದ್ದರು. ಇಷ್ಟು ಸುಖವಾಗಿದ್ದ ದನಿ ಸ್ಕೂಲು ಸೇರುತ್ತಲೇ ಕೆಟ್ಟ ಹೆಸರು ತಂದಿತು. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಮೇಡಂ, ಹುಡುಗಿಯರ ಸಾಲಿಗೆ ಯಾವ ಹುಡುಗ ಸೇರಿಕೊಂಡಿದ್ದಾನೆ ಎಂದು ಹುಡುಕುತ್ತಾ ಬಂದರು. ಸಿಕ್ಕಿಬಿದ್ದವಳು ನಾನು. ಮಾರನೇ ದಿನದಿಂದ ನನಗೆ ಗಂಟೆ ಹೊಡೆಯುವ ಕೆಲಸ ಸಿಕ್ಕಿತು. ಹಾಡಬೇಡ ಎಂದು ಬಾಯಿ ಬಿಟ್ಟು ಹೇಳಲಿಲ್ಲ, ಪಾಪ, ಒಳ್ಳೆಯವರು.

ಅಂಥ ನನ್ನನ್ನು ಹಾಡುವವರ ಗುಂಪಿಗೆ ಸೇರಿಸಿದ್ದು ರತ್ನಕ್ಕ. ಹರದನಹಳ್ಳಿಯವರು, ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಒಂದು ಸಂಜೆ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಅವರ ಊರಿನ ಬಸ್ಸು ಹೊರಟುಬಿಟ್ಟಿತ್ತು. ಕೈಯಲ್ಲಿ ತರಕಾರಿ ಚೀಲ ಹಿಡಿದ ಅವರು ಅದರ ಹಿಂದೆ ಓಡುತ್ತಿದ್ದರು. ಯಾರೋ ಏನೋ ಗೊತ್ತಿಲ್ಲ, ನೋಡಲಾರದೆ ನಾನು ‘ಹೋಲ್ಡಾನ್’ ಎಂದು ಕೂಗಿದೆ. ಆ ಬಸ್ಸೂ ನಿಂತಿತು, ಪಕ್ಕದಲ್ಲಿ ಹೊರಟಿದ್ದ ಇನ್ನೊಂದೂ ನಿಂತಿತು. ಬಸ್ಸು ಹತ್ತುವ ಬದಲು ರತ್ನಕ್ಕ ತಿರುಗಿ ನನ್ನ ಹತ್ತಿರವೇ ಬಂದು, ಇಂಥಾ ದನೀನ ಬಸ್ ನಿಲ್ಸಕ್ಕೆ ಮಾತ್ರ ಇಟ್ಕಂಡಿದ್ದೀಯಲ್ಲ, ಭಾನುವಾರ ಪ್ರಾಕ್ಟೀಸಿಗೆ ಬಾ ಎಂದರು. ಅಷ್ಟರಲ್ಲಿ ಬಸ್ಸು ಹೋಗಿಯೇ ಹೋಗಿತ್ತು.

ನಮ್ಮ ಗೋಷ್ಠಿಯ ಬಗ್ಗೆ ನಿಮಗೆ ಹೇಳಬೇಕು. ವಾದ್ಯದವರು ಒಂದು ಕೈಯ ಬೆರಳಿನಷ್ಟು, ಕೋರಸ್ಸಿನವರು ಒಂದು ಟೆಂಪೋ ತುಂಬುವಷ್ಟು. ಹಾರ್ಮೋನಿಯಂ ಹರವೆಯ ಪುಟ್ಟಸ್ವಾಮಣ್ಣನದು. ವಾರವೆಲ್ಲ ಅರಿಶಿನದ ತೋಟದಲ್ಲಿ ದುಡಿದು ಭಾನುವಾರ ಹಳದಿ ಉಗುರುಗಳಲ್ಲೇ ಬಂದು ಕೂರುತ್ತಾರೆ. ಪಿಟೀಲು ಕರೆಂಟು ಆಫೀಸಿನ ನಾಗೇಂದ್ರ ಮತ್ತು ಅವರ ಮಗಳದು. ಒಬ್ಬರು ಕೊಳಲಿನವರು, ಒಬ್ಬರು ತಬಲಾದವರು. ಭಾನುವಾರ ಬೀಗ ಹಾಕಿರುವ ಒಂದು ಟ್ಯೂಷನ್ ಸೆಂಟರೇ ನಮ್ಮ ಪ್ರಾಕ್ಟೀಸಿನ ಜಾಗ. ಗಣೇಶನ ಹಬ್ಬದಿಂದ ಕಾರ್ತಿಕದ ತನಕ ನಮ್ಮ ಸೀಸನ್ನು. ಹಾಡುಗಳನ್ನು ನಾವೇ ಕಟ್ಟುತ್ತೇವೆ, ಇಲ್ಲವೇ ಊರ ಹೆಂಗಸರಿಂದ ಕಲಿಯುತ್ತೇವೆ. ಎಲ್ಲಕ್ಕೂ ಮೊದಲ ಸಾಲು ಎತ್ತಿಕೊಡುವವರು ರತ್ನಕ್ಕ. ನನಗೆ ಕೊನೇ ಸಾಲಿನಲ್ಲಿ ಜಾಗ ಕೊಟ್ಟು, ಬಾಯಿ ಅರ್ಧ ತೆಗೆದರೆ ಸಾಕು ಎಂದು ಹೇಳಿದ್ದರು. ಅದಕ್ಕೆ ಪರಿಹಾರವೋ ಎಂಬಂತೆ ಮೈಕಿನ ಮುಂದೆ ನಿಂತು ನಿರೂಪಣೆ ಮಾಡುವ ಕೆಲಸವನ್ನೂ ಕೊಟ್ಟರು. ಕರೆಂಟು ಹೋದರೂ ನಿರೂಪಣೆ ನಿಲ್ಲುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ನಮ್ಮಲ್ಲಿ ಒಂದು ಪದ್ಧತಿ ಇದೆ, ಬೇರೆ ಕಡೆ ಇದೆಯೋ ಇಲ್ಲವೋ ಕಾಣೆ. ಸೀಸನ್ನಿಗೆ ಮುಂಚೆ, ಆಷಾಢದಲ್ಲಿ ಮದುವೆಗಳಿಲ್ಲದೆ ಛತ್ರ ಖಾಲಿ ಬಿದ್ದಿರುವಾಗ, ಗುಂಡ್ಲುಪೇಟೆಯಲ್ಲಿ ಒಂದು ಮಧ್ಯಾಹ್ನ ‘ಪಲ್ಲವಿ ಕೂಟ’ ನಡೆಸುತ್ತೇವೆ. ಆ ವರ್ಷ ಹಾಡಲಿರುವ ಎಲ್ಲ ಹಾಡುಗಳ ಪಲ್ಲವಿ ಮಾತ್ರ ಹಾಡಿ ನಿಲ್ಲಿಸುವುದು. ಸಂತೆಯಲ್ಲಿ ಮಾವಿನ ಹಣ್ಣಿನವನು ಒಂದು ಹೋಳು ಕೊಯ್ದು ರುಚಿಗೆ ಕೊಡುತ್ತಾನಲ್ಲ, ಹಾಗೆ. ಊರೂರಿನವರು ಬಂದು ಕೇಳಿ, ನಮ್ಮೂರಿಗೆ ಇದಿರಲಿ, ಅದು ಬೇಡ ಎಂದು ಹೇಳಿ ಹೋಗುತ್ತಾರೆ. ಎಷ್ಟು ಬೇಡಿಕೊಂಡರೂ ಮುಂದಿನ ಚರಣ ಹಾಡುವುದಿಲ್ಲ. ಚರಣ ಬೇಕಾದರೆ ಊರಿಗೆ ಕರೆಸಿ ಎನ್ನುತ್ತೇವೆ. ಒಂದು ವರ್ಷ ಒಬ್ಬ ಅಜ್ಜಿ, ಮಗುವನ್ನು ತೊಟ್ಟಿಲಿಗೆ ಹಾಕಿ ತೂಗದೇ ಹೋದಂಗಾಯ್ತು ಎಂದು ಬೈದುಕೊಂಡು ಹೋಗಿದ್ದರು.

ಈ ಸಲದ ಹಾಡುಗಳನ್ನು ನಿಮಗೂ ಸ್ವಲ್ಪ ರುಚಿ ತೋರಿಸುತ್ತೇನೆ. ಮೊದಲ ಕಾರ್ಯಕ್ರಮ ಗುಂಡ್ಲುಪೇಟೆಯದೇ. ಅಲ್ಲಿಗೆಂದೇ ಚೆಂಡುಹೂವು ಬಿಡಿಸುವವರ ಹಾಡೊಂದಿದೆ. ಹೂವು ಓಣಂಗೆ ಕೇರಳಕ್ಕೆ ಹೋಗುತ್ತದೆ, ಬಿಡಿಸಿದವಳ ಕೈಗೆ ವಾಸನೆ ಉಳಿಯುತ್ತದೆ ಎಂಬುದು ಅದರ ಸಾರಾಂಶ. ಉಮ್ಮತ್ತೂರಿಗೆ ನಮ್ಮವ್ವ ಹೇಳಿಕೊಟ್ಟ ಒಂದು ಲಾಲಿ. ಅದರಲ್ಲಿ ಮಗುವಿಗಿಂತ ಮಗುವಿನ ಸೋದರತ್ತೆಯರನ್ನು ಬೈಯುವುದೇ ಹೆಚ್ಚು. ಹರವೆಗೆ ರಾಗಿ ಒಕ್ಕಣೆಯ ಹಾಡು. ಕೊನೆಗೆ ಹರದನಹಳ್ಳಿಯಲ್ಲಿ, ಕಾರ್ತಿಕದ ದೀಪಗಳ ನಡುವೆ, ನಾಗೇಂದ್ರ ಅವರ ಹೊಸ ಪ್ರಯೋಗ. ಅವರು ಯಾವುದೋ ವಿದೇಶಿ ಕೋರಸ್ಸನ್ನು ಫೋನಿನಲ್ಲಿ ಕೇಳಿ, ನಮ್ಮ ಮುಂದಿನ ಸಾಲಿನವರಿಗೆ ಒಂದು ಧಾಟಿ, ಹಿಂದಿನ ಸಾಲಿನವರಿಗೆ ಇನ್ನೊಂದು ಧಾಟಿ ಕಲಿಸಿ, ಎರಡನ್ನೂ ಒಟ್ಟಿಗೆ ಹಾಡಿಸುತ್ತಾರೆ. ಹಿಂದಿನ ಸಾಲಿನದು ಕೆಳದನಿಯ ಒಂದೇ ಉದ್ದನೆಯ ಎಳೆ, ಉಸಿರು ಕಡಿಯಬಾರದು. ಮೊದಲ ಸಲ ಪ್ರಾಕ್ಟೀಸು ಕೇಳಿದ ಟ್ಯೂಷನ್ ಸೆಂಟರಿನ ಓನರು, ಹಿಂದಿನವರು ಮರೆತುಬಿಟ್ಟಿದ್ದಾರೆ, ಒಂದ್ಸಲ ಹೇಳಿಕೊಡಿ ಎಂದು ನಾಗೇಂದ್ರ ಅವರನ್ನು ಪಕ್ಕಕ್ಕೆ ಕರೆದು ಹೇಳಿದರು.

ಇಷ್ಟೆಲ್ಲ ಸಡಗರದಿಂದ ಬರೆಯುತ್ತಿದ್ದೇನೆ. ಆದರೆ ಈ ಸೀಸನ್ನು ನಡೆಯುತ್ತದೆ ಎಂಬ ಧೈರ್ಯವೇ ನಮಗೆ ಇರಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ರತ್ನಕ್ಕನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದು ಗೊತ್ತಾದಾಗ ಎಲ್ಲರೂ ದೇವರಿಗೆ ಕೈ ಮುಗಿದೆವು. ಆದರೆ ಡಾಕ್ಟರು, ಜೀವಕ್ಕೆ ಏನೂ ತೊಂದರೆ ಇಲ್ಲ, ದನಿ ಮಾತ್ರ ಮೊದಲಿನ ಹಾಗೇ ಬರುತ್ತದೆ ಎಂದು ಹೇಳಲಾರೆ ಎಂದುಬಿಟ್ಟರು. ನೋಡಲು ಹೋದಾಗ ರತ್ನಕ್ಕ ಮಂಚದ ಮೇಲೆ ಕೂತು, ಮಾತಾಡಬಾರದು ಎಂದು ಬೆರಳು ತುಟಿಗಿಟ್ಟು ತೋರಿಸಿದರು. ನಾವು ತಂದ ಕಿತ್ತಳೆ ಹಣ್ಣನ್ನು ನಮಗೇ ಸುಲಿದು ಕೊಟ್ಟರು.

ಈಗ ಶ್ರುತಿಯ ವಿಷಯ. ರತ್ನಕ್ಕನದು ಐದೂವರೆ ಶ್ರುತಿ. ಸಂಗೀತ ತಿಳಿಯದವರಿಗೆ ಹೇಳಬೇಕೆಂದರೆ, ನಾವೆಲ್ಲ ನೆಲದ ಮೇಲೆ ನಿಂತು ಹಾಡಿದರೆ ಅವರು ನೀರಿನ ಟ್ಯಾಂಕಿನ ಮೇಲೆ ನಿಂತು ಹಾಡುತ್ತಾರೆ. ಅವರ ಹೆಗಲು ಹಿಡಿದು ನಾವೂ ಹೇಗೋ ಹತ್ತುತ್ತಿದ್ದೆವು. ಅವರಿಲ್ಲದೆ ಪ್ರಾಕ್ಟೀಸು ಶುರು ಮಾಡಿದಾಗ, ಶ್ರುತಿ ಕೊಂಚ ಇಳಿಸಿದರೆ ಎಲ್ಲರಿಗೂ ಆರಾಮ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರ ಬಾಯಿಂದಲೂ ಆ ಮಾತು ಹೊರಡಲಿಲ್ಲ. ಇಳಿಸಿದರೆ ರತ್ನಕ್ಕ ಇನ್ನು ಬರುವುದಿಲ್ಲ ಎಂದು ನಾವೇ ತೀರ್ಮಾನ ಕೊಟ್ಟ ಹಾಗಲ್ಲವೆ? ಮುಂದಿನ ಸಾಲಿನ ನಡುವಿನ ಅವರ ಜಾಗವನ್ನು ಖಾಲಿ ಬಿಟ್ಟು, ಅವರ ಐದೂವರೆಯನ್ನು ಹಾಗೇ ಕಾಪಾಡಿಕೊಂಡು ಹಾಡಿದೆವು. ಹಾಡಿದೆವು ಎಂದರೆ ಕಿರುಚಿದೆವು. ಗಂಡಸರು ಮೇಲಕ್ಕೂ ಹತ್ತಲಾರದೆ ಕೆಳಕ್ಕೂ ಇಳಿಯಲಾರದೆ ಒದ್ದಾಡಿದರು. ನನ್ನ ಪಾಡನ್ನು ಕೇಳಲೇಬೇಡಿ.

ಬ್ಯಾಗಿನಲ್ಲಿ ಜೇಷ್ಠಮಧು ಸೇರಿಕೊಂಡಿದ್ದು ಆಗಲೇ. ಒಬ್ಬರು ಕಲ್ಲುಸಕ್ಕರೆ ಹಂಚಿದರು, ಒಬ್ಬರು ಮೆಣಸಿನ ಕಷಾಯ ತಂದರು. ಪುಟ್ಟಸ್ವಾಮಣ್ಣ ತಮ್ಮ ತೋಟದ ಅರಿಶಿನವನ್ನು ಹಾಲಿಗೆ ಹಾಕಿ ಫ್ಲಾಸ್ಕಿನಲ್ಲಿ ತರುತ್ತಿದ್ದರು. ಹಾಡುವ ಹೊತ್ತಿಗಿಂತ ಗಂಟಲಿನ ಉಪಚಾರದ ಹೊತ್ತೇ ಹೆಚ್ಚಾಯಿತು. ನಾಗೇಂದ್ರ ಅವರ ಮಗಳು ಪ್ರತಿ ಭಾನುವಾರ ಫೋನನ್ನು ಮೇಜಿನ ಮೇಲಿಟ್ಟು, ರತ್ನಕ್ಕನಿಗೆ ಹರದನಹಳ್ಳಿಯಲ್ಲೇ ನಮ್ಮ ಪ್ರಾಕ್ಟೀಸು ಕೇಳಿಸುತ್ತಿದ್ದಳು. ಅವರಿಗೆ ಹುರುಪು ಬರಲಿ ಎಂದು ಆ ಹೊತ್ತು ನಾವು ಇನ್ನೂ ಒಂದು ಕೈ ಜೋರಾಗಿಯೇ ಹಾಡುತ್ತಿದ್ದೆವು. ಮೊದಮೊದಲು, ಚೆನ್ನಾಗಿದೆ ಎಂದು ಮೆಸೇಜು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಕೊನೆಗೆ ಫೋನು ಎತ್ತುವುದನ್ನೂ ಬಿಟ್ಟರು. ದನಿ ಪೂರ್ತಿ ಹೋಗಿದೆ, ನಮಗೆ ಹೇಳಲಾರದೆ ಸಂಕಟಪಡುತ್ತಿದ್ದಾರೆ ಎಂದುಕೊಂಡು ನಾವು ಇನ್ನಷ್ಟು ಹಠದಿಂದ ಕಿರುಚಿದೆವು.

ಪಲ್ಲವಿ ಕೂಟದ ದಿನ ಬಂತು. ಗುಂಡ್ಲುಪೇಟೆಯ ಛತ್ರದಲ್ಲಿ ಹೂವಿನ ವ್ಯಾಪಾರಿ ಶಿವಮಲ್ಲಪ್ಪನವರು ಎಲ್ಲ ಏರ್ಪಾಟು ಮಾಡಿದ್ದರು. ವ್ಯಾಪಾರಕ್ಕೆಂದು ಕೇರಳಕ್ಕೆ ಹೋಗಿ ಬಂದು ಅಲ್ಲಿನ ಚುಕ್ಕುಕಾಪಿ ಕಲಿತಿದ್ದಾರೆ. ಶುಂಠಿ ಬೆಲ್ಲ ಹಾಕಿ ಕುದಿಸಿದ ಆ ಕಾಪಿಯ ಘಾಟು ಬಾಗಿಲಿನ ತನಕ ಬರುತ್ತಿತ್ತು. ಜನ ಬರತೊಡಗಿದರು. ಆಗ ಎದ್ದಿತು ನೋಡಿ ತಕರಾರು. ಮೊದಲ ಸಾಲು ಯಾರು ಎತ್ತಿಕೊಡಬೇಕು? ಚೆನ್ನಾಗಿ ಹಾಡುವವರೆಲ್ಲ ನಾನೊಲ್ಲೆ ಎಂದರು. ರತ್ನಕ್ಕನ ಜಾಗದಲ್ಲಿ ಕೂರಲು ಯಾರಿಗೂ ಮನಸ್ಸಿಲ್ಲ. ಪುಟ್ಟಸ್ವಾಮಣ್ಣ ನನ್ನ ಕಡೆ ತಿರುಗಿ, ನೀನು ಹೆಂಗೂ ಮೈಕ್ ಮುಂದೆ ನಿಂತೇ ಇರ್ತೀಯಲ್ಲ, ಮಾತು ಮುಗಿದ ತಕ್ಷಣ ನೀನೇ ಎತ್ಕಳವ್ವ, ಕೂರದೇ ಬ್ಯಾಡ ಎಂದರು. ನಿಂತವರು ಆ ಜಾಗ ತೆಗೆದುಕೊಂಡ ಹಾಗಲ್ಲವಂತೆ. ಹುಡುಗಿಯರ ಸಾಲಿನಲ್ಲಿ ಸಿಕ್ಕಿಬಿದ್ದ ಮೇಲೆ ನಾನು ಒಬ್ಬಳೇ ಎಲ್ಲಿಯೂ ಹಾಡಿದವಳಲ್ಲ.

ಮೈಕಿನ ಮುಂದೆ ನಿಂತೆ. ಸೀಸನ್ನಿನ ವಿವರವೆಲ್ಲ ಹೇಳಿದೆ. ರತ್ನಕ್ಕನ ಹೆಸರು ಹೇಳುವಾಗ ಮಾತು ತಡವರಿಸಿತು. ಚೆಂಡುಹೂವಿನ ಹಾಡು ಮೊದಲನೆಯದು ಎಂದೆ. ಫೋನಿನ ಶ್ರುತಿಪೆಟ್ಟಿಗೆ ಐದೂವರೆಯಲ್ಲೇ ಮೊರೆಯುತ್ತಿತ್ತಂತೆ, ಪುಟ್ಟಸ್ವಾಮಣ್ಣ ಹಾರ್ಮೋನಿಯಂ ಒತ್ತಿಯೂ ತೋರಿಸಿದರಂತೆ. ಜನ ಕುರ್ಚಿ ಎಳೆಯುತ್ತಿದ್ದ ಸದ್ದಿಗೋ, ನನ್ನ ಎದೆ ಬಡಿತಕ್ಕೋ, ನನಗೆ ಒಂದೂ ಕೇಳಲಿಲ್ಲ. ಮಾತಾಡುತ್ತಿದ್ದ ದನಿಯಲ್ಲೇ, ಅದೇ ತಗ್ಗಿನಲ್ಲೇ, ಪಲ್ಲವಿ ಎತ್ತಿಕೊಂಡುಬಿಟ್ಟೆ. ಅರ್ಧ ಸಾಲು ಹಾಡಿದ ಮೇಲೆ ತಪ್ಪು ಗೊತ್ತಾಯಿತು. ಗೊತ್ತಾಗಿ ಏನು ಮಾಡುವುದು, ನಿಲ್ಲಿಸಲೂ ಹೆದರಿಕೆ.

ನಾಗೇಂದ್ರ ಕಮಾನು ಎತ್ತಿದವರು ಎತ್ತಿದ ಹಾಗೇ ಉಳಿದರು. ತಬಲಾ ಬೇರೆ ಯಾವುದೋ ಶ್ರುತಿಯಲ್ಲಿ ಗುದ್ದಿ ಸುಮ್ಮನಾಯಿತು. ಯಾರೋ ಫೋನಿನ ಶ್ರುತಿಪೆಟ್ಟಿಗೆ ಆರಿಸಿದರು. ಪುಟ್ಟಸ್ವಾಮಣ್ಣನ ಬೆರಳುಗಳು ಮಾತ್ರ ಹಾರ್ಮೋನಿಯಂ ಮೇಲೆ ಸರಸರನೆ ಕೆಳಗಿಳಿದು ನನ್ನನ್ನು ಬಂದು ಹಿಡಿದವು. ಸಾಲು ಮುಗಿದು ಕೋರಸ್ಸಿನ ಸರದಿ ಬಂದಾಗ ನನ್ನ ಹಿಂದಿನಿಂದ ಎದ್ದ ದನಿ ಕೇಳಿ ನಾನೇ ಬೆಚ್ಚಿದೆ. ಗಂಡಸರು, ಹೆಂಗಸರು, ಎಲ್ಲರೂ ಗಂಟಲು ಪೂರ್ತಿ ತೆಗೆದು ಹಾಡಿದರು. ಬೇಸಿಗೆಯಿಂದ ಕಟ್ಟಿಕೊಂಡಿದ್ದ ಗಂಟಲುಗಳು. ಕುರ್ಚಿಯ ಸದ್ದು ನಿಂತೇ ಹೋಯಿತು.

ಎರಡನೇ ಸಲ ಪಲ್ಲವಿ ಎತ್ತುವಾಗ ಛತ್ರದ ಹಿಂದಿನ ಕುರ್ಚಿಗಳ ನಡುವಿನಿಂದ ಯಾರೋ ಎದ್ದು ಬರುತ್ತಿದ್ದರು. ಕುತ್ತಿಗೆಯ ಸುತ್ತ ಸೆರಗು ಸುತ್ತಿಕೊಂಡಿದ್ದರಿಂದ ಮೊದಲು ಗುರುತು ಸಿಗಲಿಲ್ಲ. ಆಮೇಲೆ ಆ ನಡಿಗೆ ಕಂಡು ಗೊತ್ತಾಯಿತು. ರತ್ನಕ್ಕ. ಗುಂಡ್ಲುಪೇಟೆಯಲ್ಲಿರುವ ತಂಗಿಯ ಮನೆಗೆ ಬಂದವರು, ದೂರದಿಂದ ಕೇಳಿ ಹೋಗೋಣವೆಂದು ಕೊನೆಯಲ್ಲಿ ಕೂತಿದ್ದರಂತೆ. ಮುಂದಿನ ಸಾಲಿನ ತಮ್ಮ ಜಾಗದ ಕಡೆ ನೋಡಲೂ ಇಲ್ಲ. ನೇರವಾಗಿ ವೇದಿಕೆ ಹತ್ತಿ ನನ್ನ ಪಕ್ಕದಲ್ಲಿ ನಿಂತು ಬಾಯಿ ತೆರೆದರು. ಬಂದ ದನಿ ನಮಗೆ ಗೊತ್ತಿದ್ದ ದನಿಯಲ್ಲ. ದಪ್ಪಗಾಗಿತ್ತು, ಅಂಚಿನಲ್ಲಿ ಕೊಂಚ ಒಡೆದಿತ್ತು. ಆದರೆ ಶ್ರುತಿ ಕೂದಲೆಳೆಯಷ್ಟೂ ತಪ್ಪಲಿಲ್ಲ. ನಾನು ಅಳುತ್ತಲೇ ಹಾಡಿದೆ, ಹೇಳಲು ನಾಚಿಕೆಯೇನೂ ಇಲ್ಲ.

ಪಲ್ಲವಿ ಮುಗಿಯಿತು. ರತ್ನಕ್ಕ ನನ್ನ ಕಿವಿಯ ಹತ್ತಿರ ಬಗ್ಗಿದರು.

“ಇಷ್ಟು ತಗ್ಗಲ್ಲೇ ಇರನ ಕಣಮ್ಮಿ. ನಂಗೆ ಇಲ್ಲೀಗಂಟ ಬರಕಾಯ್ತದೆ.”

ಗುಟ್ಟಾಗಿ ಹೇಳಿದ ಮಾತು ಮೈಕಿನಲ್ಲಿ ಛತ್ರಕ್ಕೆಲ್ಲ ಕೇಳಿಸಿತು. ಮುಂದೆ ಕೂತಿದ್ದ ಹೆಂಗಸರು, ಆಗ್ಲಿ ಬುಡಿ, ಹಂಗೇ ಹಾಡಿ ಎಂದರು. ನಾಗೇಂದ್ರ ಮತ್ತು ಅವರ ಮಗಳು ಪಿಟೀಲಿನ ತಂತಿಗಳನ್ನು ಇಳಿಸಿ ಹೊಸದಾಗಿ ಶ್ರುತಿ ಮಾಡಲು ಸ್ವಲ್ಪ ಹೊತ್ತು ಬೇಡಿದರು. ಅಷ್ಟರಲ್ಲಿ ಚುಕ್ಕುಕಾಪಿ ಬಂದಿದ್ದರಿಂದ ಯಾರಿಗೂ ಆತುರವಿರಲಿಲ್ಲ. ಆ ಮಧ್ಯಾಹ್ನ ಎಲ್ಲ ಪಲ್ಲವಿಗಳನ್ನೂ ತಗ್ಗಿನ ಶ್ರುತಿಯಲ್ಲೇ ಹಾಡಿದೆವು. ಉಮ್ಮತ್ತೂರಿನವರು ಲಾಲಿಯನ್ನು ಒಪ್ಪಿಕೊಂಡರು, ಹರವೆಯವರು ಒಕ್ಕಣೆಯ ಹಾಡಿನ ಜೊತೆಗೆ ಲಾಲಿಯೂ ತಮಗೇ ಬೇಕೆಂದು ಜಗಳ ತೆಗೆದರು.

ಬೆಳಕಿರುವಾಗಲೇ ಟೆಂಪೋ ಹತ್ತಿದೆವು. ರತ್ನಕ್ಕನೂ ನಮ್ಮ ಜೊತೆಗೇ ಹೊರಟರು, ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತರು. ಇಬ್ಬದಿಯ ಹೊಲಗಳಲ್ಲಿ ಚೆಂಡುಹೂವು ಅರಳಿ ನಿಂತಿತ್ತು. ಟೆಂಪೋ ತೆರಕಣಾಂಬಿ ದಾಟಿತು. ಫೋನು ಯಾಕೆ ಎತ್ತಲಿಲ್ಲ ಅಕ್ಕ ಎಂದು ನಾನೇ ಕೇಳಿದೆ.

“ಮಾತು ಬಂದು ಎಷ್ಟೋ ದಿನ ಆಯ್ತು ಕಣಮ್ಮಿ. ಫೋನಲ್ಲಿ ನೋಡುದ್ರೆ ನೀವು ಐದೂವರೇಲಿ ಅಷ್ಟು ಜೋರಾಗಿ ಹಾಡ್ತಿದ್ರಿ. ನಾನಿಲ್ದೆಯೂ ನಡೀತದೆ ಅನ್ನುಸ್ತು. ಈಗ ನಾನು ಬಂದು ಎಲ್ಲಾರ್ನೂ ಕೆಳಿಕೆ ಎಳ್ಯದ್ಯಾಕೆ ಅಂತ ಸುಮ್ನಾಗ್ಬುಟ್ಟೆ.”

ನಾನು ಸೀಟಿನಲ್ಲೇ ಅವರ ಕಡೆ ಪೂರ್ತಿ ತಿರುಗಿದೆ.

“ನೀವು ಬರೋಗಂಟ ಅದ ಬುಡಬಾರ್ದು ಅಂತ ಕಿರುಚ್ತಿದ್ದೋ ಅಕ್ಕ. ನಮಗ್ಯಾರಿಗೂ ಅದು ಆಯ್ತಿರ್ಲಿಲ್ಲ.”

ಮುಂದಿನ ಸೀಟಿನಿಂದ ಪುಟ್ಟಸ್ವಾಮಣ್ಣ, ತಿರುಗದೆಯೇ, ಇಬ್ರಲ್ಲಿ ಒಬ್ರು ಬಾಯ್ಬುಟ್ಟು ಹೇಳಿದ್ರೆ ನಮ್ಮನೆ ಹಸೀನ ಹಾಲಾದ್ರೂ ಉಳೀತಿತ್ತು ಎಂದರು. ಟೆಂಪೋದಲ್ಲಿದ್ದವರೆಲ್ಲ ನಕ್ಕರು. ರತ್ನಕ್ಕ ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು. ಆಮೇಲೆ, ಹರದನಹಳ್ಳಿಯ ಹಾಡಲ್ಲಿ ಹಿಂದಿನ ಸಾಲಿಗೆ ಅದೇನೋ ಉದ್ದನೆ ಎಳೆ ಐತಲ್ಲ, ಅದ ಒಂಚೂರು ಹೇಳು, ನಾನೂ ಅಲ್ಲೇ ಕೂರ್ತೀನಿ ಎಂದರು.

ನಾನು ಎಳೆದೆ, ಈ ಸಲ ಬಾಯಿ ಪೂರ್ತಿ ತೆಗೆದು. ಅವರೂ ಸೇರಿದರು. ನಡುವೆ ಅವರ ಉಸಿರು ಸಾಲದೆ ದನಿ ಕಡಿಯಿತು, ಕೆಮ್ಮು ಬಂತು. ನಾನು ಬಿಡದೆ ಹಿಡಿದಿದ್ದೆ. ಇನ್ನು ನನ್ನ ಕೈಲೂ ಆಗದು ಎನ್ನುವಷ್ಟರಲ್ಲಿ ಅವರು ಮತ್ತೆ ಬಂದು ಎತ್ತಿಕೊಂಡರು, ನಾನು ಉಸಿರು ತೆಗೆದುಕೊಂಡೆ.